ಒಣಗದ ಶೀಟಿನ ಮೇಲೊಂದು ಬ್ರಹ್ಮಾಂಡ

ನನ್ನ ಅಣ್ಣನಿಗೆ ಆಲಂಕಾರಿನಲ್ಲಿ ರಬ್ಬರ್ ಶೀಟ್ ಖರೀದಿಯ ಅಂಗಡಿ. ರಬ್ಬರ್ ಹಾಲು ಹೆಪ್ಪುಗಟ್ಟಿಸಿ ಒಣಗಿಸಿದ ಶೀಟನ್ನು ತೋಟದವರು ಯಾರೇ ತರಲಿ, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ನಡುವೆ ಎಲ್ಲಾದರೂ ಬಿಳಿ ಕಂಡಿತೋ, ಒಳಗೆ ಇನ್ನೂ ನೀರುಂಟು ಎಂದರ್ಥ. "ಒಣಗ್ಲಿಲ್ಲ, ವಾಪಸ್ ತೆಕ್ಕೊಂಡು ಹೋಗಿ" ಎಂದು ಎಲ್ಲರೆದುರೇ ಎಸೆದುಬಿಡುತ್ತಾನೆ. ಎಷ್ಟು ಜನರ ಮರ್ಯಾದೆ ಹೀಗೆ ತೆಗೆದಿದ್ದಾನೋ!

ಅಂಥವನಿಗೆ ಮೊಬೈಲಿನಲ್ಲಿ ಏನೇನೋ ನೋಡಿ ವಿಜ್ಞಾನದ ಹುಚ್ಚು ಹಿಡಿಯಿತು. ಗುರುತ್ವಾಕರ್ಷಣೆ ಎಂದರೆ ಎಳೆತವೇ ಅಲ್ಲವಂತೆ, ಆಕಾಶವೇ ಒಂದು ದೊಡ್ಡ ರಬ್ಬರ್ ಶೀಟಂತೆ. ಭಾರ ಕೂತಲ್ಲಿ ತಗ್ಗು. ಭಾರ ತೆಗೆದರೂ ತಗ್ಗು ಉಳಿಯುತ್ತದಂತೆ, ಅದು ಇವನ ಸ್ವಂತ ಶೋಧನೆ! ಹಳೆಯ ಕಿಟಕಿಯ ಚೌಕಟ್ಟಿಗೆ ಒಂದು ಶೀಟ್ ಬಿಗಿದು, ಮೇಲೆ ಅರೆಯುವ ಗುಂಡುಕಲ್ಲಿಟ್ಟು ನನಗೆ ತೋರಿಸಿದ. ನಾನು ಪುತ್ತೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು.

"ಆ ಕಲ್ಲನ್ನು ಕೆಳಗೆ ಎಳೆದದ್ದು ಯಾರು? ನಮ್ಮ ಅಪ್ಪನಾ?" ಎಂದೆ.

"ಪುಸ್ತಕ ಬಿಟ್ಟು ನಿನಗೆ ಎಂತ ಗೊತ್ತುಂಟು ಮಾರಾಯ್ತಿ? ಊರವರು ಹೇಳಲಿ" ಎಂದು ಭಾಷಣವನ್ನೇ ಇಟ್ಟುಕೊಂಡ. ಊರವರು ಒಪ್ಪಿದರೆ ನನ್ನ ಕಾಲೇಜಿನಲ್ಲೂ ಮಾತಾಡುವುದು, ಒಪ್ಪದಿದ್ದರೆ ಮತ್ತೆ ಈ ಸುದ್ದಿಯೇ ಎತ್ತುವುದಿಲ್ಲ ಎಂದು ಪಂಥ. ನನ್ನ ಪಿಯುಸಿ ಮಕ್ಕಳೆದುರು ಈ ಗುಂಡುಕಲ್ಲು! ನೆನೆದೇ ಮೈ ಉರಿಯಿತು.

ಸಭೆಯ ಎದುರು ಸಾಲಿನಲ್ಲಿ ಅವನಿಗೆ ಶೀಟ್ ಮಾರುವ ಕೃಷಿಕರೇ ಇದ್ದರು. ಉಳಿದವರು ಚಾ, ಕಡಲೆಬೇಳೆಯ ಅಂಬಡೆಗೆ ಬಂದವರು. ಅಣ್ಣ ಕಲ್ಲಿಟ್ಟ, ತೆಗೆದ. ತಗ್ಗು ಹಾಗೇ ಉಳಿಯಿತು.

"ನೋಡಿ, ಬ್ರಹ್ಮಾಂಡಕ್ಕೆ ನೆನಪುಂಟು!"

ಚಪ್ಪಾಳೆ ಬಿತ್ತು. ಅಯ್ಯೋ ದೇವರೇ, ಚಪ್ಪಾಳೆ! ಹಸಿ ಶೀಟ್ ಜಗ್ಗಿದರೆ ಜಗ್ಗಿದ ಹಾಗೇ ಇರುತ್ತದೆ ಎಂದು ಆ ಊರಲ್ಲಿ ಯಾರಿಗೆ ಗೊತ್ತಿಲ್ಲ? ಬೇರೆಯವರ ಶೀಟನ್ನೆಲ್ಲ ತಿರುಗಿಸಿ ತಿರುಗಿಸಿ ನೋಡುವ ಮಹಾಶಯ ತನ್ನದನ್ನು ಒಮ್ಮೆಯೂ ನೋಡಿರಲಿಲ್ಲ.

ನಾನು ಹಿಂದಿನ ಸಾಲಿನಿಂದ ಎದ್ದೆ. "ಅಣ್ಣ, ಇಲ್ಲಿಗೆ ಕಾಣುದಿಲ್ಲ. ಸ್ವಲ್ಪ ಎತ್ತಿ ಬೆಳಕಿಗೆ ಹಿಡಿ."

ಹಿಗ್ಗಿನಿಂದ ಎತ್ತಿ ಹಿಡಿದ. ಅಂಗಡಿಯ ಅಭ್ಯಾಸ ನೋಡಿ, ಕಣ್ಣು ತಾನಾಗಿಯೇ ಶೀಟಿನ ನಡುವಿಗೆ ಹೋಯಿತು. ತಗ್ಗು ಇದ್ದಲ್ಲೇ ಅಂಗೈಯಗಲ ಬಿಳಿ. ಎದುರು ಸಾಲಿನವರಿಗೂ ಕಂಡಿತು. ಬ್ರಹ್ಮಾಂಡದ ಬಗ್ಗೆ ಎಷ್ಟು ಬೇಕಾದರೂ ಬೊಗಳೆ ಬಿಡುವ ನನ್ನ ಅಣ್ಣನಿಗೆ ರಬ್ಬರಿನ ವಿಷಯದಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ.

"ಒಣಗ್ಲಿಲ್ಲ" ಎಂದ, ಮೈಕಿನಲ್ಲೇ.

"ಹಾಗಾದ್ರೆ ವಾಪಸ್ ತೆಕ್ಕೊಂಡು ಹೋಗಿ ಮಾರಾಯ್ರೆ" ಎಂದರು, ಎದುರು ಸಾಲಿನವರು.