ವಾಕಿಟಾಕಿ ಮತ್ತು ಶೇಂಗಾ ಹೋಳಿಗೆ

ಸವದತ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲಕ್ಕೆ ನನಗೆ ಗುಡ್ಡ ಹತ್ತುವ ಹುಚ್ಚಿಗಿಂತ, ಗುಡ್ಡದಲ್ಲಿ ಸಿಕ್ಕಿಬಿದ್ದರೆ ಹೇಗೆ ಪಾರಾಗಬೇಕು ಎಂಬ ಹುಚ್ಚೇ ಜಾಸ್ತಿಯಿತ್ತು. ಅದುವರೆಗೆ ನಾನು ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ಎಲ್ಲಮ್ಮನ ಗುಡ್ಡ. ಅದೂ ಬಸ್ಸಿನಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೊಬೈಲು ನಮ್ಮ ಕಡೆ ಇನ್ನೂ ಬರೀ ಸುದ್ದಿಯಲ್ಲಿತ್ತು. ಸುರೇಬಾನದ ಆಚೆ ಕಲ್ಲುಗುಡ್ಡಗಳ ಸಾಲಿದೆ. ಊರು ಬಿಟ್ಟು ಎರಡು ತಾಸು ನಡೆದರೆ ನರಮನುಷ್ಯರ ಸುಳಿವಿಲ್ಲ. ಅಲ್ಲಿ ಒಂದು ದಿನ ಅಲೆದು ಬರುವುದೆಂದು ನಾನೂ ನನ್ನ ಷಡ್ಡಕರೂ ನಿಶ್ಚಯಿಸಿದೆವು. ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಮನೋಳಿಯಲ್ಲಿ ಹೊಲ ಮಾಡಿಕೊಂಡಿದ್ದವರು. ಮಾತು ಕಡಿಮೆ, ಸಕ್ಕರೆ ಕಾಯಿಲೆ ಬಹಳ. ಬೆಳಿಗ್ಗೆ ಗುಳಿಗೆ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಲೇಬೇಕು ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು.

ಸಾಮಾನು ಆರಿಸಲು ನಾನು ಬೆಳಗಾವಿಗೆ ಮೂರು ಸಲ ಹೋದೆ. ದೂರಕ್ಕೆ ಸೂಚನೆ ಕೊಡಲು ಕನ್ನಡಿ, ಎರಡು ಸೀಟಿ, ನಾಲ್ಕು ಸೆಲ್ಲಿನ ಬ್ಯಾಟರಿ, ಬೀಸಲು ಕೆಂಪು ಬಟ್ಟೆ. ಎಲ್ಲಕ್ಕೂ ಮೇಲೆ ಒಂದು ಜೋಡಿ ವಾಕಿಟಾಕಿ. ಅಂಗಡಿಯವನು ಅದನ್ನು ಆಟಿಕೆ ಸಾಮಾನಿನ ಕಪಾಟಿನಿಂದ ತೆಗೆದುಕೊಟ್ಟಿದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಡಬ್ಬಿಯ ಮೇಲೆ ಹಿಮದ ಶಿಖರವೊಂದರ ಚಿತ್ರವಿತ್ತು, ನನಗೆ ಅಷ್ಟು ಸಾಕಾಗಿತ್ತು.

"ಸುರೇಬಾನ ಗುಡ್ಡಕ್ಕ ಹೊಂಟೀರೋ, ಹಿಮಾಲಯಕ್ಕ ಹೊಂಟೀರೋ?" ಎಂದು ಹೆಂಡತಿ ಕೇಳಿದಳು. ಕೇಳಿ, ರೊಟ್ಟಿ, ಕಾಳಿನ ಪಲ್ಲೆ, ಜೊತೆಗೆ ಆರು ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.

ಗುಡ್ಡದ ಬುಡದಲ್ಲಿ ನಾನು ಷಡ್ಡಕರ ಕೈಗೆ ಒಂದು ವಾಕಿಟಾಕಿ, ಒಂದು ಸೀಟಿ ಕೊಟ್ಟು, "ನೀವು ಎಡಕಿನಿಂದ ಹೋಗ್ರಿ, ನಾ ಬಲಕಿನಿಂದ ಬರತೇನಿ. ಮಾತಾಡಕೋತ ಹೋಗೂಣು" ಎಂದೆ.

"ಇಬ್ಬರೂ ಕೂಡೇ ಹೋದ್ರ ಮಾತಾಡಾಕ ಈ ಡಬ್ಬಿ ಯಾಕ್ರಿ ಬೇಕು?"

ಇಂಥ ಪ್ರಶ್ನೆಗೆ ವಿಜ್ಞಾನದ ಮಾಸ್ತರ ಉತ್ತರ ಕೊಡುತ್ತಾನೆಯೇ? ಆಪತ್ತಿಗೆ ಮೊದಲು ಉಪಕರಣವನ್ನು ಪರೀಕ್ಷಿಸಿ ನೋಡಬೇಕು ಎಂದು ಒಂದು ಸಣ್ಣ ಪಾಠವನ್ನೇ ಮಾಡಿದೆ. ಆಪತ್ತನ್ನು ಹುಟ್ಟಿಸುತ್ತಿದ್ದವನೇ ನಾನು ಎಂಬುದು ತಲೆಗೆ ಹೊಳೆಯಲಿಲ್ಲ. ಸಾಮಾನಿನ ಭಾರ ಅವರ ಹೆಗಲಿಗೆ ಹಾಕಿ, ಬುತ್ತಿಯ ಚೀಲ ನಾನೇ ಇಟ್ಟುಕೊಂಡೆ.

ಸುಮಾರು ಹೊತ್ತು ನಡೆದ ಮೇಲೆ ಡಬ್ಬಿ ಗರಗರ ಅಂದಿತು. ಗದ್ದಲದ ನಡುವೆ ಷಡ್ಡಕರ ದನಿ ತುಂಡುತುಂಡಾಗಿ ಬಂತು. ನನಗೆ ಕೇಳಿಸಿದ್ದು "ಕುಂತೇನಿ" ಎಂಬ ಒಂದೇ ಮಾತು. ದಣಿವು ಆರಿಸಿಕೊಳ್ಳಲು ಕೂತಿದ್ದಾರೆ, ಕೂರಲಿ. ಸೆಲ್ಲು ಉಳಿಸಬೇಕಲ್ಲ! ಮಾತು ಮುಗಿಸುವಾಗ 'ಓವರ್' ಅನ್ನಬೇಕೆಂದು ಅಂಗಳದಲ್ಲಿ ಎರಡು ದಿನ ತಾಲೀಮು ಮಾಡಿಸಿದ್ದೆ. ಆದರೆ ಹುಟ್ಟಿದಾಗಿನಿಂದ ಬಂದ ರೂಢಿ ಎಲ್ಲಿ ಹೋಗುತ್ತದೆ? ಬೀಳ್ಕೊಳ್ಳುವಾಗ 'ಹೋಗತೇನಿ' ಅನ್ನುವುದು ನಮ್ಮಲ್ಲಿ ಅಪಶಕುನ. ಹಾಗಾಗಿ "ಆತ್ರಿ, ಬರತೇನಿ" ಎಂದೆ.

"ಬರ್ರಿ" ಎಂದರು ಅವರು.

ಎಷ್ಟು ಮರ್ಯಾದಸ್ಥ ಮನುಷ್ಯ ಎಂದುಕೊಂಡು ಗುಂಡಿ ಒತ್ತಿ ಡಬ್ಬಿ ಆರಿಸಿದೆ. ಬೇವಿನ ಗಿಡದ ನೆರಳಿಗೆ ಕೂತು ಬುತ್ತಿ ಬಿಚ್ಚಿದೆ. ಅವರ ಪಾಲಿನ ರೊಟ್ಟಿ ಧರ್ಮಾತ್ಮನ ಹಾಗೆ ಬೇರೆ ತೆಗೆದಿಟ್ಟೆ. ಹೋಳಿಗೆ ಮಾತ್ರ ಆರನ್ನೂ ನಾನೇ ತಿಂದೆ. ಸಕ್ಕರೆ ಕಾಯಿಲೆಯವರಿಗೆ ಸಿಹಿ ವಿಷವಲ್ಲವೇ, ಅವರ ಆರೋಗ್ಯದ ಕಾಳಜಿ ನನಗಲ್ಲದೆ ಇನ್ಯಾರಿಗೆ! ಆಮೇಲೆ ಕಣ್ಣು ಹತ್ತಿತು.

ಎಬ್ಬಿಸಿದವಳು ಕುರಿ ಕಾಯುವ ಒಬ್ಬ ಮುದುಕಿ. "ಎಪ್ಪಾ, ಅಲ್ಲಿ ಕೊಳ್ಳದಾಗ ಕುಂತಾಂವ ನಿಮ್ಮಾಂವ ಏನು? ಕಾಲ ಉಳಕೇತಿ. ಮೈಯೆಲ್ಲಾ ಬೆವತು ಗಡಗಡ ನಡಗಾಕ ಹತ್ತ್ಯಾನ. ಬಾ ಅಂದ್ರ, ನಮ್ಮವರು ಬರತೇನಿ ಅಂದಾರ, ಇಲ್ಲೇ ಇರತೇನಿ ಅಂತಾನ."

ಹೊಟ್ಟೆಯೊಳಗಿನ ಹೋಳಿಗೆ ಕಲ್ಲಾಯಿತು. ಸೂರ್ಯ ಪಡುವಣಕ್ಕೆ ಇಳಿದಿದ್ದ. ಅವರು ಗುಳಿಗೆ ನುಂಗಿದ್ದು ನಸುಕಿನಲ್ಲಿ. ಆ ಕಲ್ಲುಗಳ ಮೇಲೆ ನಾನು ಅವತ್ತು ಓಡಿದ ಹಾಗೆ ಜನ್ಮದಲ್ಲಿ ಓಡಿಲ್ಲ. ಅವರು ಸತ್ತರೆ ಮನೋಳಿಗೆ ಹೋಗಿ ಹೆಂಡತಿಯ ಅಕ್ಕನ ಮುಂದೆ ಏನಂತ ನಿಲ್ಲಲಿ ಎಂದು ಅಳು ಬಂತು.

ಬಂಡೆಗೆ ಒರಗಿ ಕೂತಿದ್ದರು. ತುಟಿ ಬಿಳಿಚಿತ್ತು, ಮಾತು ತೊದಲುತ್ತಿತ್ತು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಬಂದ್ರಿ?" ಎಂದರು.

"ಸಿಹಿ ಏನರ ಐತೇನ? ಲಗೂನ ಬಾಯಾಗ ಹಾಕು!" ಎಂದು ಹಿಂದೆಯೇ ಬಂದ ಮುದುಕಿ ಒದರಿದಳು. ನನ್ನ ಚೀಲದಲ್ಲಿ ಸಿಹಿ ಎಲ್ಲಿತ್ತು? ಎರಡು ಒಣ ರೊಟ್ಟಿ ಹಿಡಿದು ಬೆಪ್ಪನಂತೆ ನಿಂತೆ. ಅವಳೇ ಉಡಿಯಿಂದ ಬೆಲ್ಲದ ಹೆಂಟೆ ತೆಗೆದು ಅವರ ಬಾಯಿಗಿಟ್ಟಳು. ನಡುಕ ನಿಲ್ಲುವವರೆಗೆ ನಾನು ಅವರ ಕೈ ಬಿಡಲಿಲ್ಲ.

"ಸೀಟಿನರ ಊದಬಾರದಾಗಿತ್ತೇನ್ರಿ?" ಎಂದೆ, ಅಳುತ್ತಲೇ.

"ನೀವು ಬರತೇನಿ ಅಂದಿದ್ರಲ್ರೀ. ಮತ್ತ ಯಾಕ ಊದೂದು?"

ಆಗಲೇ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮುಂದೆ ಅವರೇ ಮನೋಳಿಯ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಗಳಲ್ಲಿ, "ನಮ್ಮ ಷಡ್ಡಕರು ಬರತೇನಿ ಅಂದ್ರ ಬರಾವ್ರ. ಗುಡ್ಡಾ ಎಲ್ಲಾ ಹುಡಿಕ್ಯಾಡಿ ಬಂದ್ರು" ಎಂದು ನನ್ನನ್ನು ಕೊಂಡಾಡತೊಡಗಿದರು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಎಷ್ಟೋ ವರ್ಷ ಹೀಗೇ ನಡೆಯಿತು. ಮೊಬೈಲು ಎಲ್ಲರ ಕಿಸೆಗೂ ಬಂತು. ವಾಕಿಟಾಕಿಗಳ ಸೆಲ್ಲು ಸೋರಿ, ಗೋಡೆಯ ಮಾಡದಲ್ಲಿ ತುಕ್ಕು ಹಿಡಿದವು. ಒಂದು ದಿನ ಷಡ್ಡಕರು ಫೋನು ಮಾಡಿದರು. ಅದೇ ಉಳುಕಿದ ಕಾಲಿನ ಬೆರಳಿಗೆ ಗಾಯವಾಗಿ ಮಾಯುತ್ತಿಲ್ಲ. ಬೆರಳು ತೆಗೆಯಬೇಕಾಗಬಹುದು ಎಂದಿದ್ದಾರೆ, ನಾಳೆ ಧಾರವಾಡಕ್ಕೆ ಹೋಗಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ. ಮರುದಿನ ನನಗೆ ಶಾಲೆಯಲ್ಲಿ ತಪಾಸಣೆ. ಅದನ್ನೇ ಯೋಚಿಸುತ್ತ, "ಆತ್ರಿ ಹಂಗಾರ, ಬರತೇನಿ" ಎಂದೆ.

ಈ ಸಲ ಗರಗರ ಏನೂ ಇರಲಿಲ್ಲ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.

"ಇದು ಬರೂ 'ಬರತೇನಿ'ನೋ, ಹೋಗೂ 'ಬರತೇನಿ'ನೋ?"

ಅವರು ಮೆಲ್ಲಗೆ ನಕ್ಕರು. "ಆವತ್ತ ನಿಮ್ಮ ಮೀಸಿ ತುಂಬ ಶೇಂಗಾ ಹೋಳಿಗಿ ಪುಡಿ ಇತ್ರಿ, ಮಾಸ್ತರ."

ಹೆಡ್‌ಮಾಸ್ತರರಿಗೆ ರಜೆಯ ಚೀಟಿ ಕಳಿಸಿ, ಸಂಜೆಯ ಬಸ್ಸಿಗೇ ಮನೋಳಿಗೆ ಹೊರಟೆ. ಇಳಿಯುವವರೆಗೂ ಮೀಸೆ ಒರೆಸಿಕೊಳ್ಳುತ್ತಿದ್ದೆ.