ತಿಳಿ ಬಣ್ಣದ ಬೆಲ್ಲ

ನಾಗಮಂಗಲದ ಕಡೆಯ ಕಾಲೇಜೊಂದರವರು ಹೋದ ತಿಂಗಳು ನನ್ನನ್ನು ಕರೆಸಿ, ಶಾಲು ಹೊದಿಸಿ, ಕೆಲಸದಲ್ಲಿ ಗೆಲ್ಲುವುದು ಹೇಗೆ ಅಂತ ಹುಡುಗರಿಗೆ ನಾಲ್ಕು ಮಾತು ಹೇಳಿ ಅಂದರು. ಪಾಂಡವಪುರದ ಹತ್ತಿರ ಆಲೆಮನೆ ಇಟ್ಟುಕೊಂಡು ಬೆಲ್ಲ ಮಾಡಿಸುವವನು ನಾನು. ಸುತ್ತಮುತ್ತ ಎಷ್ಟೋ ಆಲೆಮನೆಗಳು ಮುಚ್ಚಿದರೂ ನಮ್ಮದು ನಡೆಯುತ್ತಿದೆ. ನನ್ನ ಯೋಗ್ಯತೆ ಅಷ್ಟೇ. ಮೈಕಿನ ಮುಂದೆ ನಿಂತು, ನಮ್ಮಲ್ಲಿ ಪಾಕ ನೋಡುತ್ತಿದ್ದ ಮಾವನ ಕಥೆ ಹೇಳಿದೆ. ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಅರ್ಧ ಕಥೆಯನ್ನಷ್ಟೇ ಹೇಳಿದ್ದೆ.

ಮಾವ ಅಂದರೆ ನೆಂಟನಲ್ಲ. ಕಿಕ್ಕೇರಿ ಕಡೆಯವನು. ನಮ್ಮಪ್ಪನ ಕಾಲದಿಂದಲೂ ಕಬ್ಬು ಅರೆಯುವ ತಿಂಗಳುಗಳಲ್ಲಿ ನಮ್ಮಲ್ಲೇ ಇರುತ್ತಿದ್ದ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಗೆ ಬೆಲ್ಲವಾಗುತ್ತದೆ ಅಂತ ಹೇಳುವುದು ಅವನ ಕೆಲಸ. ತುಸು ಮೊದಲು ಇಳಿಸಿದರೆ ಅಚ್ಚಿನಲ್ಲಿ ನಿಲ್ಲದು, ತುಸು ತಡವಾದರೆ ಸೀದು ಕಹಿ. ಅವನು ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕದಿಂದ ಒಂದು ಚಿಟಿಕೆ ತೆಗೆದು, ಬೋಗುಣಿಯ ನೀರಿನಲ್ಲಿ ಉಂಡೆ ಕಟ್ಟಿ, ಅದನ್ನು ಬೋಗುಣಿಯ ಅಂಚಿಗೆ ಹೊಡೆಯುತ್ತಿದ್ದ. ಟಣ್ ಅಂದರೆ ಕೊಪ್ಪರಿಗೆ ಇಳಿಸಬೇಕು.

ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ಬಂದು ಮೂರು ಸಲ ಕೂಗಿದರೂ ತಿರುಗಿ ನೋಡಲಿಲ್ಲ. ಇಳಿಸಿದ ಮೇಲೆ ಕೈಮುಗಿದು, "ಪಾಕ ಯಾರ್ನೂ ಕಾಯಾಕಿಲ್ಲ ಕಣಣ್ಣ, ನೀವಾದ್ರೆ ಕಾಯ್ತೀರಿ" ಅಂದ. ಕೊಪ್ಪರಿಗೆಯನ್ನು ತಾನೇ ತಿಕ್ಕಿ ತೊಳೆಯುತ್ತಿದ್ದ, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ದಿನದ ಕೊನೆಯ ಕೊಪ್ಪರಿಗೆಯ ಹೊತ್ತಿಗೆ ನಾವೆಲ್ಲ ಆಕಳಿಸುತ್ತಿದ್ದರೆ, "ತಿನ್ನೋನಿಗೆ ಇದು ಕಡೇ ಕೊಪ್ಪರಿಗೆ ಅಂತ ಗೊತ್ತೇನ್ಲಾ?" ಅಂತ ಗದರುತ್ತಿದ್ದ.

ಕಾಲೇಜಿನಲ್ಲಿ ಇಲ್ಲಿಯವರೆಗೆ ಹೇಳಿ ಕೂತುಬಿಟ್ಟೆ.

ಅಪ್ಪ ಹೋದ ಮೇಲೆ ಆಲೆಮನೆ ನನ್ನ ಕೈಗೆ ಬಂತು. ಮಂಡಿಯವರು ನಮ್ಮ ಬೆಲ್ಲ ನೋಡಿ ಮೂಗು ಮುರಿಯತೊಡಗಿದರು. ಕಪ್ಪು ಬೆಲ್ಲ ಯಾರಿಗೆ ಬೇಕು, ತಿಳಿ ಹಳದಿ ತನ್ನಿ ಅಂದರು. ಬಣ್ಣ ತಿಳಿಯಾಗಿಸಲು ಹೈಡ್ರೋಸ್ ಅನ್ನುವ ಪುಡಿಯೊಂದಿದೆ, ಅಷ್ಟರಲ್ಲಾಗಲೇ ಹಲವರು ಹಾಕುತ್ತಿದ್ದರು. ಮಾವ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಿಟ್ಟು ಬೇರೇನೂ ಬಳಸುತ್ತಿರಲಿಲ್ಲ. ನಾನು ಪುಡಿಯ ಮಾತೆತ್ತಿದಾಗ, "ನಾನಿರೋಗಂಟ ಅದ ತರಬ್ಯಾಡ ಮಗ. ಇನ್ನೇನೂ ಕೇಳಾಕಿಲ್ಲ ನಿನ್ನ" ಅಂದ.

"ತರಾಕಿಲ್ಲ ಬುಡು ಮಾವ" ಅಂತ ಮಾತು ಕೊಟ್ಟೆ.

ಆಮೇಲೊಂದು ಮಧ್ಯಾಹ್ನ ಅವನು ಉಣ್ಣಲು ಹೋದಾಗ ಒಂದು ಹಿಡಿ ಪುಡಿಯನ್ನು ಕೊಪ್ಪರಿಗೆಗೆ ಹಾಕಿದೆ. ಅವನಿಗೆಲ್ಲಿ ಗೊತ್ತಾಗುತ್ತೆ ಅಂದುಕೊಂಡಿದ್ದೆ. ನಲವತ್ತು ವರ್ಷ ಪಾಕ ಮೂಸಿದವನಿಗೆ! ಎಂಥ ಮುಠ್ಠಾಳ ನಾನು. ಬಾಗಿಲಲ್ಲೇ ಅವನ ಕಾಲು ನಿಂತಿತು. ಬೆಂಕಿಕಡ್ಡಿ ಗೀರಿದಂಥ ವಾಸನೆ, ಬೆಳ್ಳಗಾದ ನೊರೆ. ನನ್ನ ಮುಖ ನೋಡಿದ. ಬೈಯುತ್ತಾನೆ ಅಂತ ಕಾದೆ. ಅಷ್ಟರಲ್ಲಿ ಪಾಕ ಉಕ್ಕಿ ಬರುತ್ತಿತ್ತು. ಅವನು ಬಂದು ಬೆರಳನ್ನು ತಣ್ಣೀರಿಗೆ ಅದ್ದಿದ.

ಆ ಕೊಪ್ಪರಿಗೆಯನ್ನೂ ಉಳಿದವುಗಳಂತೆಯೇ ನೋಡಿದ. ಟಣ್ ಅಂದಾಗ ಇಳಿಸಿದ, ಅಚ್ಚಿಗೆ ಹೊಯ್ದ, ಕೊಪ್ಪರಿಗೆ ತಿಕ್ಕಿದ. ಆಮೇಲೆ ಟವೆಲ್ಲು ಕೊಡವಿ, ಚೀಲ ಹೆಗಲಿಗೇರಿಸಿ, "ತೊಳ್ದಿವ್ನಿ. ನಾಳೀಕೆ ಬ್ಯಾರೆಯವ್ರನ್ನ ನೋಡ್ಕೊ" ಅಂದ. ನಾನು ತಡೆಯಲಿಲ್ಲ. ಆ ಬೆಲ್ಲವನ್ನು ಮಂಡಿಯವರು ಹಾಡಿ ಹೊಗಳಿದರು, ನನಗೂ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ಹೇಸಿಗೆಯಾಗುತ್ತದೆ.

ಆಮೇಲೆ ಬಂದವರ್ಯಾರಿಗೂ ಆ ಕೈ ಇರಲಿಲ್ಲ. ನಾನೇ ಕಲಿಯುತ್ತೇನೆಂದು ಹೋಗಿ ಬೆರಳು ಸುಟ್ಟುಕೊಂಡೆ. ಪಾಕದ ತಪ್ಪನ್ನು ಬಣ್ಣ ಮುಚ್ಚುತ್ತಿತ್ತು, ಹಾಗಾಗಿ ನಮ್ಮ ಬೆಲ್ಲ ಇವತ್ತಿಗೂ ಹೋಗುತ್ತಿದೆ. ತಿನ್ನುವುದಕ್ಕೆ ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ಕಾಲೇಜಿನ ಚಪ್ಪಾಳೆ ಕಿವಿಯಲ್ಲಿ ಕೊರೆಯುತ್ತಿತ್ತು. ಮನೆಗೆ ಹೋಗಲಾಗಲಿಲ್ಲ, ಕಾರನ್ನು ನೇರ ಕಿಕ್ಕೇರಿ ಕಡೆಗೆ ತಿರುಗಿಸಿದೆ. ಈ ವರ್ಷ ಪುಡಿ ಬೇಡ, ಮಾರಾಟ ಬಿದ್ದುಹೋದರೂ ಸರಿ, ಮಾವನನ್ನು ವಾಪಸ್ಸು ಕರೆತರಬೇಕು ಅಂತ ಹಟ ಹುಟ್ಟಿತ್ತು.

ಜಗಲಿಯ ಮೇಲೆ ಕೂತಿದ್ದ. ಗುರುತು ಹಿಡಿದು, "ಬಾ ಮಗ, ಕೂತ್ಕೊ" ಅಂದ, ಕೋಪದ ಸುಳಿವೇ ಇಲ್ಲ.

"ಪುಡಿ ಬುಟ್ಬುಡ್ತೀನಿ ಮಾವ. ಈ ಸಲ ನೀನು ಬರ್ಬೇಕು."

ಅವನು ಬಲಗೈ ಚಾಚಿದ. ಬೆರಳುಗಳು ಗಡಗಡ ನಡುಗುತ್ತಿದ್ದವು. "ಉಂಡೆ ಕಟ್ಟಾಕೆ ಆಗಾಕಿಲ್ಲ ಕಣ್ ಮಗ. ಎರಡು ವರ್ಸ ಆಯ್ತು ಇಂಗಾಗಿ."

"ನೀನು ಸುಮ್ನೆ ಕೂತ್ಕೊಂಡು ಹೇಳು. ನಾನು ಬೆರಳು ಹಾಕ್ತೀನಿ."

"ಬಾಯಲ್ಲಿ ಹೇಳಿದ್ರೆ ಬೆರಳಿಗೆ ತಿಳಿಯಾಕಿಲ್ಲ ಕಣ್ಲಾ. ಬಾ, ಬೆರಳು ಹಾಕು ಅಂತ ಎಷ್ಟು ಸಲ ಕರೆದೆ ನಿನ್ನ. ಯಾವಾಗ ನೋಡುದ್ರೂ ಮಂಡಿಯವ್ರ ಜೊತೆ ಫೋನಲ್ಲಿ ಇರ್ತಿದ್ದೆ."

ನಿಜ.

ಅತ್ತೆ ಟೀ ತಂದುಕೊಟ್ಟಳು. ಒಂದು ಗುಟುಕು ಕುಡಿದೆ. ಸಕ್ಕರೆ ಹಾಕಿದ ಟೀ. ಮಾವ ಬೆಲ್ಲದ ಟೀ ಬಿಟ್ಟು ಬೇರೆ ಕುಡಿದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಾನು ಲೋಟವನ್ನೇ ನೋಡುತ್ತಿದ್ದುದನ್ನು ಕಂಡು ಅತ್ತೆ ಅಂದಳು: "ಏನ್ಮಾಡದಪ್ಪ, ಅಂಗಡಿಲಿ ಬೆಲ್ಲ ಮೂಸಿ ನೋಡಿ ಅಲ್ಲೇ ಮಡಗಿ ಬತ್ತಾರೆ. ಸಕ್ಕರೆನೇ ಸಾಕು ಬುಡು ಅಂತಾರೆ."

ಮಾವ ನಡುಗುವ ಎರಡೂ ಕೈಯಲ್ಲಿ ಲೋಟ ಹಿಡಿದು ತನ್ನ ಟೀ ಕುಡಿಯುತ್ತಿದ್ದ. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದು ಅಂತ ನಾನು ಕಾಲೇಜಿನವರಿಗೆ ಕೊಟ್ಟು ಉಳಿದಿದ್ದ ನಮ್ಮ ಬೆಲ್ಲದ ಡಬ್ಬಿಯೊಂದನ್ನು ಕಾರಿನ ಮುಂದಿನ ಸೀಟಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಅದನ್ನು ಇಳಿಸದೆ ಹಾಗೇ ವಾಪಸ್ಸು ತಂದೆ.