ಗೌಡರ ನಾಯಿಗಳ ಕಸರತ್ತು

ಗೆಳೆಯರೇ, ನಮ್ಮ ಗೊಬ್ಬೂರಿನ ಗೌಡರ ನಾಯಿಗಳು ಇವತ್ತಿನಿಂದ ಕಸರತ್ತು ಶುರುಮಾಡಿವೆ.

ಹೈದರಾಬಾದಿನಿಂದ ತಂದ ಆ ಎರಡೂ ನಾಯಿಗಳು ಬಾಗಿಲಲ್ಲಿ ಬಿದ್ದುಕೊಂಡೇ ಬೊಜ್ಜು ಬೆಳೆಸಿದ್ದವು. ಬೆಳಿಗ್ಗೆ ದನದ ಡಾಕ್ಟರು ನೋಡಿ ಹೇಳಿದರು: "ಈ ಉದ್ದ ಕಾಲಿನ, ಮೊಲ ಹಿಡಿಯೋ ಬ್ಯಾಟಿ ನಾಯಿ ದಿನಾ ಹೊಲದಾಗ ಓಡಬೇಕ್ರಿ. ಆ ಸಣ್ಣದಕ್ಕ ಅಂಗಳದಾಗ ನಾಕು ಸುತ್ತು ತಿರುಗಿದ್ರ ಸಾಕ್ರಿ."

ಗೌಡರು ಒಪ್ಪಿದರು. ಆದರೆ ಆ ಮನೆಯವರು ಊರೊಳಗೆ ಕಾಲುನಡಿಗೆಯಲ್ಲಿ ಹೋಗುವ ಪದ್ಧತಿಯಿಲ್ಲ. "ನಮ್ಮ ಮನಿ ನಾಯಿ ಓಣ್ಯಾಗ ನಡಕೋತ ಹೋದ್ರ ಮಂದಿ ಏನಂತಾರ? ಬಂಡಿ ಹೂಡ್ರಿ" ಎಂದರು.

ಬಂಡಿಯಲ್ಲಿ ಗಾದಿ ಹಾಸಿ, ಊರು ಸುತ್ತಿಸಲು ಎರಡನ್ನೂ ಕೂಡಿಸಿದರು. ಅವು ಜಿಗಿಯದಂತೆ ಸರಪಳಿ ಹಿಡಿದು ಪಕ್ಕದಲ್ಲಿ ಓಡಲು, ತನ್ನ ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದ ಭೀಮಶಾನನ್ನು ಬಿಟ್ಟಿ ಕೆಲಸಕ್ಕೆ ಎಳೆದು ತಂದರು. ಅವನು ನಮ್ಮ ಸಾಲೆಯ ಮುಂದೆ ಏದುಸಿರು ಬಿಡುತ್ತ ಬಂದಾಗ ಕೇಳಿದೆ, "ನೀನೂ ಬಂಡಿ ಹತ್ತಬಾರದೇನೋ ಭೀಮಶಾ?"

"ನಾಯಿ ಕುಂತ ಬಂಡ್ಯಾಗ ನನಗ ಕುಂದ್ರಾಕ ಬಿಡ್ತಾರೇನ್ರಿ ಮಾಸ್ತರ್? ಅಲ್ಲಿ ನನ್ನ ಜ್ವಾಳದಾಗ ಕಸ ಎದ್ದು ನಿಂತದ" ಎಂದು ಓಡುತ್ತಲೇ ಹೇಳಿದ.

ಸಂಜೆ ನನ್ನೆದುರೇ ಗೌಡರು ಬಂಡಿ ಹೊಡೆದವನನ್ನು ವಿಚಾರಿಸಿದರು. "ನಾಯಿ ದಣದಾವೇನಪಾ?"

"ಇಲ್ರಿ ಗೌಡ್ರ, ಒಂದೀಟೂ ದಣದಿಲ್ಲ."

"ಹಂಗಾದ್ರ ನಾಳಿಂದ ಇನ್ನೊಂದು ಸುತ್ತು ಹೆಚ್ಚಿಗಿ ಹೊಡಿ."

ಹೀಗೇ ನಡೆದರೆ ಬರುವ ಬೇಟೆಯಲ್ಲಿ ಮೊಲದ ಹಿಂದೆಯೂ ಭೀಮಶಾನೇ ಓಡಬೇಕಾದೀತು. ನಾಯಿ ಗಾದಿಯ ಮೇಲೆ ಕೂತು, ಅವನು ಸರಿಯಾಗಿ ಓಡುತ್ತಿದ್ದಾನೋ ಇಲ್ಲವೋ ನೋಡಿಕೊಳ್ಳುತ್ತದೆ.